ಪಿವಟ್ ಟೇಬಲ್‌ನಲ್ಲಿ "ಸಮ್ ಆಫ್ ಲೀಟರ್" ಬದಲು ಬರೀ "ಲೀಟರ್" ಅಂತ ಬರಬೇಕು, ಹೇಗೆ?

ಮದ್ದೂರಿನವ:
ನಮ್ಮೂರ ಹಾಲಿನ ಡೈರಿ ಲೆಕ್ಕ ಎಕ್ಸೆಲ್‌ನಲ್ಲಿದೆ. ಎರಡು ಹೊತ್ತಿನ ಹಾಲು, ಒಬ್ಬೊಬ್ಬರಿಗೂ ಹೊತ್ತಿಗೊಂದು ಸಾಲು. ಕಾಲಂಗಳು ಸದಸ್ಯರು, ಹೊತ್ತು, ಲೀಟರ್, ಫ್ಯಾಟ್ (ಹಾಲಿನ ಕೊಬ್ಬಿನ ಶೇಕಡ), ಹಣ. ಸಾಲುಗಳನ್ನ ಗುಂಪು ಮಾಡಿ ಕೂಡಿಸಿ ತೋರಿಸುವ ಪಿವಟ್ ಹಾಕಿದರೆ ತಲೆಯಲ್ಲಿ "ರೋ ಲೇಬಲ್ಸ್", "ಸಮ್ ಆಫ್ ಲೀಟರ್" ಅಂತೆಲ್ಲ ಬರುತ್ತೆ. ಇದನ್ನ ಪ್ರಿಂಟ್ ತೆಗೆದು ಡೈರಿ ಗೋಡೆಗೆ ಅಂಟಿಸಬೇಕು, ಕ್ಯಾನ್ ಹಿಡಿದು ಬಂದವರು ನಿಂತಲ್ಲೇ ಓದಿಕೊಳ್ಳುವ ಹಾಗಿರಬೇಕು. ಆದರೆ "ಲೀಟರ್" ಅಂತ ಟೈಪ್ ಮಾಡಿದರೆ ಆ ಹೆಸರಿನ ಫೀಲ್ಡ್ (ಕಾಲಂ) ಆಗಲೇ ಇದೆ ಅಂತ ಎರರ್. ಮೂಲ ಶೀಟ್‌ನಲ್ಲೇ ಹೆಸರು ಬದಲಿಸಬೇಕಾ?

ಸರಸ್ವತಿಪುರಂ:
ಮೂಲ ಶೀಟ್ ಮುಟ್ಟಬೇಡಿ ಸಾರ್. ಅಲ್ಲಿ ತಲೆಬರಹ ಬದಲಿಸಿ ರಿಫ್ರೆಶ್ ಒತ್ತಿದರೆ ಹಳೇ ಹೆಸರು ಸಿಗದೆ ಆ ಕಾಲಂ ಪಿವಟ್‌ನಿಂದ ಮಾಯ ಆಗುತ್ತೆ, ಮತ್ತೆ ಎಳೆದು ಹಾಕಬೇಕು. ಪಿವಟ್‌ನ ಸೆಲ್‌ನಲ್ಲೇ "ಲೀಟರ್" ಅಂತ ಬರೆದು ಕೊನೆಗೆ ಒಂದು ಸ್ಪೇಸ್ ಒತ್ತಿ. ಎಕ್ಸೆಲ್‌ಗೆ ಅದು ಬೇರೆ ಹೆಸರು, ಓದೋರಿಗೆ ಅದೇ ಹೆಸರು. ರಿಫ್ರೆಶ್ ಮಾಡಿದರೂ ಉಳಿಯುತ್ತೆ. ಆದರೆ ನಾನಾಗಿದ್ದರೆ "ಒಟ್ಟು ಲೀಟರ್" ಅಂತಲೇ ಬರೆಯುತ್ತಿದ್ದೆ, ಸ್ಪೇಸ್ ಗೊಡವೆಯೇ ಇಲ್ಲ, ಗೋಡೆ ನೋಡಿದವರಿಗೂ ಇದು ಕೂಡಿಸಿದ್ದು ಅಂತ ಗೊತ್ತಾಗುತ್ತೆ. "ರೋ ಲೇಬಲ್ಸ್" ಹೋಗಬೇಕಾದರೆ ಡಿಸೈನ್, ರಿಪೋರ್ಟ್ ಲೇಔಟ್, ಟ್ಯಾಬ್ಯುಲರ್ ಫಾರ್ಮ್. ಆಗ "ಸದಸ್ಯರು" ಅಂತ ನಿಮ್ಮ ಹೆಸರೇ ಬರುತ್ತೆ.

ಲೆಕ್ಕದಮ್ಮ:
ಫ್ಯಾಟ್ ಕಾಲಂ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದನ್ನು ಕೂಡಿಸಿದರೆ ಅರ್ಥವೇ ಇಲ್ಲ. ಆವರೇಜ್‌ಗೆ ಬದಲಿಸಿ "ಸರಾಸರಿ ಫ್ಯಾಟ್" ಅಂತ ಹೆಸರಿಟ್ಟರೂ ತಪ್ಪು ಅಂಕಿಗೆ ಚೆಂದದ ಹೆಸರು ಕೊಟ್ಟ ಹಾಗೆ. ಒಬ್ಬರು 10 ಲೀಟರ್ 4.0 ಫ್ಯಾಟ್, ಇನ್ನೊಬ್ಬರು 2 ಲೀಟರ್ 3.0 ಅಂದುಕೊಳ್ಳಿ. ಪಿವಟ್ 3.5 ತೋರಿಸುತ್ತೆ, ಆದರೆ ಕ್ಯಾನಿಗೆ ಬಿದ್ದ ಹಾಲಿನದು ಸುಮಾರು 3.83. ಮೂಲ ಶೀಟ್‌ನಲ್ಲಿ ಲೀಟರನ್ನು ಫ್ಯಾಟ್‌ನಿಂದ ಗುಣಿಸಿದ ಒಂದು ಕಾಲಂ ಸೇರಿಸಿ, ಆಮೇಲೆ ಪಿವಟ್‌ನಲ್ಲಿ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ (ಸೂತ್ರ ಕೊಟ್ಟು ಮಾಡುವ ಕಾಲಂ) ಮಾಡಿ ಆ ಗುಣಿಸಿದ ಕಾಲಂ ಅನ್ನು ಲೀಟರ್‌ನಿಂದ ಭಾಗಿಸಿ. ಅದು ಮೊದಲು ಕೂಡಿಸಿ ಆಮೇಲೆ ಭಾಗಿಸುತ್ತೆ, ಹಾಗಾಗಿ ಸರಿ ಬರುತ್ತೆ. ಹೆಸರು ಇಡೋದು ಇದೆಲ್ಲ ಆದ ಮೇಲೆ.

ಮದ್ದೂರಿನವ:
ತುಂಬಾ ಉಪಕಾರ ಆಯ್ತು ಮೇಡಂ, ಫ್ಯಾಟ್ ವಿಷಯಕ್ಕೇ ಜಗಳ ಆಗೋದು ಇಲ್ಲಿ. ಇನ್ನೊಂದು, ಹೊತ್ತು ಕಾಲಂನಲ್ಲಿ "ಬೆ", "ಸಂ" ಅಂತಷ್ಟೇ ಇದೆ. ಅದನ್ನೂ ಪಿವಟ್‌ನಲ್ಲೇ ಬಿಡಿಸಿ ಬರೆಯಬಹುದಾ?

ಸರಸ್ವತಿಪುರಂ:
ಬರೆಯಬಹುದು. ಒಂದು "ಬೆ" ಮೇಲೆ "ಬೆಳಿಗ್ಗೆ" ಅಂತ ಟೈಪ್ ಮಾಡಿದರೆ ಆ ಪಿವಟ್‌ನಲ್ಲಿರುವ ಎಲ್ಲಾ "ಬೆ" ಬದಲಾಗುತ್ತೆ, ಮೂಲ ಶೀಟ್ ಹಾಗೇ ಇರುತ್ತೆ. ಸದಸ್ಯರ ಹೆಸರಿನ ಮೇಲೆ ಮಾತ್ರ ಹುಷಾರು. ಪಟ್ಟಿಯಲ್ಲಿ ಆಗಲೇ ಇರುವ ಇನ್ನೊಬ್ಬರ ಹೆಸರು ಟೈಪ್ ಮಾಡಿದರೆ ಹೆಸರು ಬದಲಾಗಲ್ಲ, ಅವರ ಸಾಲೇ ಎದ್ದು ಅಲ್ಲಿಗೆ ಬಂದುಬಿಡುತ್ತೆ.