ಮೋಷನ್ ವೆಕ್ಟರ್ ತಿದ್ದೋ ಕೆಲಸ ಡಿಕೋಡರ್‌ಗೆ ಯಾಕೆ?

ಬಿಟ್‌ಲೆಕ್ಕ: ಎಚ್.261 ಅನ್ನೋ ಹಳೇ ವಿಡಿಯೊ ಸಂಕೋಚನ ಮಾನದಂಡದ ಕಾಲದಿಂದ ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು. ಚಲನೆ ಹುಡುಕೋದು ವಿಡಿಯೊ ಕುಗ್ಗಿಸೋ ಎನ್‌ಕೋಡರ್. ಅದು ಕಳಿಸಿದ ವೆಕ್ಟರ್ (ಎಷ್ಟು, ಯಾವ ಕಡೆ ಸರಿದಿದೆ ಅನ್ನೋ ಲೆಕ್ಕ) ನೋಡಿ ಹಳೇ ಫ್ರೇಮ್‌ನಿಂದ ಬ್ಲಾಕ್, ಅಂದ್ರೆ ಚಿತ್ರದ ತುಂಡು, ಎತ್ತಿ ತರೋದು ವಿಡಿಯೊ ಬಿಡಿಸಿ ತೋರಿಸೋ ಡಿಕೋಡರ್. 2020ರ ವಿವಿಸಿ ಮಾನದಂಡದಲ್ಲಿ ಡಿಎಂವಿಆರ್ (ಡಿಕೋಡರ್ ಕಡೆಯಲ್ಲೇ ವೆಕ್ಟರ್ ತಿದ್ದೋ ವಿಧಾನ) ಬಂದು ಇದನ್ನ ಕೆಡಿಸಿತು. ಈಗ ಡಿಕೋಡರೇ ಹಿಂದಿನ ಫ್ರೇಮಿನ ಬ್ಲಾಕನ್ನ ಮುಂದಿನದರ ಜೊತೆ ಹೋಲಿಸಿ ವೆಕ್ಟರ್ ತಿದ್ಕೋಬೇಕು. ಒಂದು ಸಲ ಎನ್‌ಕೋಡ್ ಆದ ವಿಡಿಯೊ ಲಕ್ಷಾಂತರ ಸಲ ಡಿಕೋಡ್ ಆಗುತ್ತೆ. ಅಷ್ಟೂ ಮೊಬೈಲ್‌ಗಳ ಬ್ಯಾಟರಿ ತಿನ್ನೋ ಬದಲು ಸರಿಯಾದ ವೆಕ್ಟರನ್ನೇ ಕಳಿಸಿದ್ರೆ ಏನಾಗ್ತಿತ್ತು?

ಚಲನರೇಖೆ: "ಕಳಿಸಿದ್ರೆ ಏನಾಗ್ತಿತ್ತು"? ಬಿಟ್ ಖರ್ಚಾಗ್ತಿತ್ತು, ಇನ್ನೇನು. ಮರ್ಜ್ ಮೋಡ್‌ನಲ್ಲಿ ಒಂದು ಇಂಡೆಕ್ಸ್ ಕೊಟ್ಟು ಪಕ್ಕದ ಬ್ಲಾಕ್‌ನ ವೆಕ್ಟರ್ ಎರವಲು ತಗೋತೀವಿ. ಎರವಲು ತಂದದ್ದು ಚೂರು ಆಚೀಚೆ ಇದ್ದೇ ಇರುತ್ತೆ. ಆ ವ್ಯತ್ಯಾಸ ಬರೆದು ಕಳಿಸೋಕೆ ಹೋದ್ರೆ ಮರ್ಜ್‌ನಲ್ಲಿ ಉಳಿಸಿದ್ದು ಅಲ್ಲೇ ಕರಗುತ್ತೆ. ಡಿಕೋಡರ್ ಹುಡುಕೋದಾದ್ರೂ ಎಷ್ಟು? ಅಡ್ಡಕ್ಕೆ ಉದ್ದಕ್ಕೆ ±2 ಪಿಕ್ಸೆಲ್, ಒಟ್ಟು 25 ಜಾಗ. ಹಿಂದಿನ ಫ್ರೇಮ್‌ನಲ್ಲಿ +1 ಸರಿಸಿದ್ರೆ ಮುಂದಿನದರಲ್ಲಿ −1. ಭಿನ್ನಾಂಕದ ಭಾಗವನ್ನ ಹುಡುಕೋದೂ ಇಲ್ಲ, 1/16 ಪಿಕ್ಸೆಲ್‌ವರೆಗೆ ಲೆಕ್ಕ ಹಾಕೇ ತೆಗೀತಾರೆ.

ಅರೆಪಿಕ್ಸೆಲ್: "1/16 ಪಿಕ್ಸೆಲ್‌ವರೆಗೆ"!! ಹಳೇ ಎಂಪೆಗ್-4 ಎಎಸ್‌ಪಿ ಮಾನದಂಡದಲ್ಲಿ ಕಾಲು ಪಿಕ್ಸೆಲ್ ಕೊಟ್ಟಾಗಲೇ ಜನ ಅದನ್ನ ಆಫ್ ಮಾಡಿ ಕೂತಿದ್ರು. ಅದರ ಎನ್‌ಕೋಡರ್ ಎಕ್ಸ್‌ವಿಡ್ ಬಳಸಿದವರನ್ನ ಕೇಳಿ. ಕಾಗದದ ಮೇಲೆ ಚೆಂದ, ಅಷ್ಟೇ.

ಹಳೇಫ್ರೇಮ್: "ಆಫ್ ಮಾಡಿ ಕೂತಿದ್ರು" ಸರಿ, ಯಾಕೆ ಅಂತ ಮಾತ್ರ ಹೇಳ್ಬೇಡಿ. ಆಗಿನ ಎಷ್ಟೋ ಡಿವಿಡಿ ಪ್ಲೇಯರ್‌ಗಳು ಅದನ್ನ ಓಡಿಸ್ತಾನೇ ಇರಲಿಲ್ಲ, ಅದಕ್ಕೆ. 2003ರ ಎಚ್.264ನಲ್ಲೂ ಕಾಲು ಪಿಕ್ಸೆಲ್ಲೇ ಇದೆ, ಅಲ್ಲಿ ಯಾರು ಬೇಡ ಅಂದ್ರು? ಎರಡು ಪಿಕ್ಸೆಲ್ ನಡುವಿನ ಅರ್ಧಕ್ಕೆ ಅಕ್ಕಪಕ್ಕದ ಆರು ಪಿಕ್ಸೆಲ್‌ಗಳನ್ನ 1, −5, 20, 20, −5, 1 ತೂಕದಲ್ಲಿ ಬೆರೆಸೋ ಆರು ಟ್ಯಾಪ್ ಫಿಲ್ಟರ್, ಕಾಲಿಗೆ ಪಕ್ಕದ ಎರಡರ ಸರಾಸರಿ. ಪ್ಲೇಯರ್‌ನ ತಪ್ಪಿಗೆ ನಿಖರತೆಯನ್ನ ಬೈಯೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಅರೆಪಿಕ್ಸೆಲ್: "ಪಕ್ಕದ ಎರಡರ ಸರಾಸರಿ" ಅಂತ ನೀವೇ ಬರೆದ್ರಿ. ಸರಾಸರಿ ಮಾಡಿದ್ರೆ ನಾಯ್ಸ್ ಕಮ್ಮಿ ಆಗುತ್ತೆ, ಪ್ರಿಡಿಕ್ಷನ್ (ಹಳೇ ಫ್ರೇಮ್‌ನಿಂದ ಮಾಡೋ ಊಹೆ) ಚೆನ್ನಾಗಿ ಕಾಣುತ್ತೆ. ಅದನ್ನ ನಿಖರತೆಯ ಖಾತೆಗೆ ಬರ್ಕೋತಿದೀರ. ಒಂದು ಹಂತ ದಾಟಿದ್ಮೇಲೆ ಇನ್ನಷ್ಟು ನಿಖರತೆಯಿಂದ ಲಾಭ ಸಿಗಲ್ಲ ಅಂತ ವಿಡಿಯೊ ಸಂಶೋಧಕ ಬರ್ನ್ಡ್ ಗಿರೋಡ್ 1993ರಲ್ಲೇ ತೋರಿಸಿದಾರೆ. ಓದ್ಕೊಂಡು ಬನ್ನಿ.

ಹಳೇಫ್ರೇಮ್: ಓದಿದೀನಿ ಸ್ವಾಮಿ. ಹೆಸರಿಗೆ ತಕ್ಕ ಹಾಗೆ ಅರ್ಧ ಓದಿರೋದು ನೀವು. ಆ ಹಂತ ಎಲ್ಲಿ ಬರುತ್ತೆ ಅನ್ನೋದು ನಾಯ್ಸ್ ಮೇಲೆ ನಿಂತಿದೆ. ಸ್ವಚ್ಛ ಚಿತ್ರಕ್ಕೆ ಒಂದು, ಕಾಳುಕಾಳು ಚಿತ್ರಕ್ಕೆ ಇನ್ನೊಂದು. ಸರಾಸರಿ ಮಾತಂತೂ ಬಿಡಿ. ಎಚ್.264 ನಂತರದ ಮಾನದಂಡ, 2013ರ ಎಚ್‌ಇವಿಸಿಯಲ್ಲಿ ಕಾಲು ಪಿಕ್ಸೆಲ್ ಹಾಗೇ ಇಟ್ಟು ಆ ಸರಾಸರಿ ಹಂತ ಕಿತ್ತುಹಾಕಿದ್ರು. ಅರ್ಧಕ್ಕೆ 8 ಟ್ಯಾಪ್, ಕಾಲಿಗೆ ನೇರವಾಗಿ 7.

ಅರೆಪಿಕ್ಸೆಲ್: "ಕಾಲು ಪಿಕ್ಸೆಲ್ ಹಾಗೇ ಇಟ್ಟು"! ಹತ್ತು ವರ್ಷ ಆದ್ರೂ ಕಾಲು ದಾಟಲಿಲ್ಲ ಅಂತಾಯ್ತು. ನನ್ನ ಪರವಾಗಿ ವಾದಿಸಿದ್ದಕ್ಕೆ ಥ್ಯಾಂಕ್ಸ್ 😄

ಹಳೇಫ್ರೇಮ್: ಇದಕ್ಕೆ ವಾದ ಅನ್ನಲ್ಲ, ಮೊಂಡುತನ ಅಂತಾರೆ.

ಚಲನರೇಖೆ: ಇಬ್ಬರೂ ಸ್ವಲ್ಪ ನಿಲ್ಲಿಸಿ. 1/16 ಮುಖ್ಯವಾಗಿ ಬೇಕಾಗಿದ್ದು ಅಫೈನ್‌ಗೆ, ಅಂದ್ರೆ ಜೂಮ್, ತಿರುಗೋದು ಇಂಥ ಚಲನೆ ಹಿಡಿಯೋ ವಿಧಾನಕ್ಕೆ. ಕ್ಯಾಮೆರಾ ಜೂಮ್ ಆದಾಗ ಬ್ಲಾಕ್ ಒಳಗಿನ ಪ್ರತಿ 4×4 ತುಂಡಿಗೂ ಬೇರೆ ವೆಕ್ಟರ್. ಅಕ್ಕಪಕ್ಕದ ತುಂಡುಗಳಿಗೆ ಕೂದಲೆಳೆಯಷ್ಟು ವ್ಯತ್ಯಾಸ. ಕಾಲಿಗೆ ಸುತ್ತಿದ್ರೆ ನುಣುಪಾದ ಜೂಮ್ ಮೆಟ್ಟಿಲು ಮೆಟ್ಟಿಲಾಗುತ್ತೆ. ಸಾಮಾನ್ಯ ಬ್ಲಾಕ್‌ಗೆ ವೆಕ್ಟರ್ ವ್ಯತ್ಯಾಸ ಕಳಿಸೋದು ಈಗಲೂ ಕಾಲು, ಅರ್ಧ, ಒಂದು, ನಾಲ್ಕು ಪಿಕ್ಸೆಲ್ ಲೆಕ್ಕದಲ್ಲೇ.

ಅರೆಪಿಕ್ಸೆಲ್: "ಈಗಲೂ ಕಾಲು". ಮುಗೀತಲ್ಲ.

ಹಳೇಫ್ರೇಮ್: ಅದರ ಹಿಂದಿನ ನಾಲ್ಕು ಸಾಲು ಕಣ್ಣಿಗೆ ಬೀಳಲಿಲ್ವಾ? ಕನ್ನಡದಲ್ಲೇ ಬರೆದಿದಾರಲ್ರೀ!

ಗೂಬೆಕಣ್ಣು: ಪಿಕ್ಸೆಲ್ ಸೀಳೋದ್ರಲ್ಲಿ ಮುಳುಗಿದೀರ. ಎರಡು ಬ್ಲಾಕ್‌ಗಳ ನಡುವೆ ಬಣ್ಣದ ವ್ಯತ್ಯಾಸ ಅತಿ ಕಮ್ಮಿ ಬರೋ ಜಾಗವೇ ನಿಜವಾದ ಚಲನೆ ತೋರಿಸುತ್ತೆ ಅಂತೇನಿಲ್ಲ. ನೀಲಿ ಆಕಾಶದಲ್ಲಿ ಎಲ್ಲಿಂದ ಬ್ಲಾಕ್ ತಂದ್ರೂ ಹೊಂದುತ್ತೆ. ಎಚ್.264 ಎನ್‌ಕೋಡರ್ ಎಕ್ಸ್264ನಲ್ಲಿ ಇಎಸ್‌ಎ ಹಾಕಿ ಮೂಲೆಮೂಲೆ ಹುಡುಕಿಸಿ ನೋಡಿ, ಆಯ್ದ ಜಾಗ ಮಾತ್ರ ನೋಡೋ ಯುಎಂಎಚ್‌ಗಿಂತ ಗಳಿಸೋದು ಚಿಲ್ಲರೆ, ಸಮಯ ಮಾತ್ರ ಎಲ್ಲೋ ಹೋಗುತ್ತೆ. ವೆಕ್ಟರ್‌ಗಳು ದಿಕ್ಕಾಪಾಲಾದ್ರೆ ಅವನ್ನ ಬರೆಯೋಕೇ ಬಿಟ್ ಬೇಕು.

ಅರೆಪಿಕ್ಸೆಲ್: "ಗಳಿಸೋದು ಚಿಲ್ಲರೆ". ಇನ್ನೊಬ್ಬರು ನನ್ನ ಕಡೆ.

ಗೂಬೆಕಣ್ಣು: ನಾನು ಯಾರ ಕಡೆಯೂ ಅಲ್ಲ ಮಾರಾಯ.

ಬಿಟ್‌ಲೆಕ್ಕ: ನಾನು ಕೇಳಿದ್ದು ಬ್ಯಾಟರಿ ವಿಷಯ, ನೆನಪಿದ್ಯಾ? ಇನ್ನೊಂದು: ಮುಂದಿನ ಬ್ಲಾಕ್ ಈ ಬ್ಲಾಕ್‌ನ ವೆಕ್ಟರ್ ಎರವಲು ಪಡೆಯುತ್ತೆ. ತಿದ್ದುಪಡಿ ಮುಗಿಯೋವರೆಗೂ ಪೈಪ್‌ಲೈನ್ ಕಾಯ್ತಾ ಕೂರಬೇಕು.

ಚಲನರೇಖೆ: "ಕಾಯ್ತಾ ಕೂರಬೇಕು" ಅನ್ನೋದು ತಪ್ಪು. ಪಕ್ಕದ ಬ್ಲಾಕ್‌ಗೆ ಕೊಡೋದು ತಿದ್ದದ ಮೂಲ ವೆಕ್ಟರ್. ಡಿಬ್ಲಾಕಿಂಗ್‌ಗೂ (ಬ್ಲಾಕ್ ಅಂಚಿನ ಗೆರೆ ಅಳಿಸೋದಕ್ಕೂ) ಅದೇ. ತಿದ್ದಿದ್ದು ಬಳಸೋದು ಈ ಬ್ಲಾಕ್‌ನ ಪಿಕ್ಸೆಲ್‌ಗೆ, ಆಮೇಲೆ ಬರೋ ಫ್ರೇಮ್‌ಗಳ ಟೆಂಪೊರಲ್ ಪ್ರಿಡಿಕ್ಷನ್‌ಗೆ, ಅಂದ್ರೆ ಅವುಗಳ ವೆಕ್ಟರ್ ಊಹಿಸೋಕೆ. 8×8 ಬ್ಲಾಕ್‌ಗೆ ಡಿಎಂವಿಆರ್ ಇಲ್ಲವೇ ಇಲ್ಲ. ದೊಡ್ಡದಿದ್ರೆ 16×16ಕ್ಕೆ ಕತ್ತರಿಸಿ ಮಾಡ್ತಾರೆ. ಮೊದಲೇ ಚೆನ್ನಾಗಿ ಹೊಂದಿದ್ರೆ ಹುಡುಕಾಟ ಶುರುವೇ ಆಗಲ್ಲ. ಟೆಂಪ್ಲೇಟ್ ಮ್ಯಾಚಿಂಗ್ ಅನ್ನೋ ಇನ್ನೊಂದು ವಿಧಾನ ಆಗಿದ್ರೆ ನಿಮ್ಮ ಮಾತು ಒಪ್ಪಬಹುದಿತ್ತು, ಅದಕ್ಕೆ ಪಕ್ಕದ ಬ್ಲಾಕ್‌ನ ಸಿದ್ಧ ಪಿಕ್ಸೆಲ್‌ಗಳೇ ಬೇಕು. ಅದನ್ನ ವಿವಿಸಿಗೆ ಸೇರಿಸಿಲ್ಲ.

ಬಿಟ್‌ಲೆಕ್ಕ: "ಆಮೇಲೆ ಬರೋ ಫ್ರೇಮ್‌ಗಳ" ಅಂದ್ರಲ್ಲ, ಅಲ್ಲಿಗೆ ಕಾಯೋದು ಇದ್ದೇ ಇದೆ.

ಚಲನರೇಖೆ: ಆ ಫ್ರೇಮ್‌ಗೆ ಇದರ ಪಿಕ್ಸೆಲ್ಲೂ ಬೇಕಲ್ಲ, ಅದಕ್ಕೆ ಕಾಯಲ್ವಾ?

ಹಳೇಫ್ರೇಮ್: ಮಾತು ಸಾಕು. ವಿವಿಸಿಯ ರೆಫರೆನ್ಸ್ ಸಾಫ್ಟ್‌ವೇರ್ ವಿಟಿಎಂ ಎಲ್ಲರಿಗೂ ಸಿಗುತ್ತೆ. ಡಿಎಂವಿಆರ್ ಆನ್ ಒಂದ್ಸಲ, ಆಫ್ ಒಂದ್ಸಲ ಓಡಿಸಿ ನೋಡಿ. ಫ್ರೇಮ್‌ಗಳನ್ನ ಹಿಂದೆಮುಂದೆ ಮಾಡಿ ಕೋಡ್ ಮಾಡೋ ರ್ಯಾಂಡಮ್ ಆಕ್ಸೆಸ್ ಸೆಟ್ಟಿಂಗ್‌ನಲ್ಲೇ ಓಡಿಸಿ. ವಿಡಿಯೊ ಕಾಲ್‌ನಂಥದಕ್ಕೆ ಬಳಸೋ ಲೋ ಡಿಲೇ ಹಾಕಿದ್ರೆ ಮುಂದಿನ ಫ್ರೇಮೇ ಇರಲ್ಲ, ಡಿಎಂವಿಆರ್ ಕೆಲಸಾನೇ ಮಾಡಲ್ಲ.

ಬಿಟ್‌ಲೆಕ್ಕ: "ಕೆಲಸಾನೇ ಮಾಡಲ್ಲ". ಅಂದ್ರೆ ವಿಡಿಯೊ ಕಾಲ್‌ಗೆ ಇದು ದಂಡ, ಆದ್ರೂ ಚಿಪ್‌ನಲ್ಲಿ ಜಾಗ ಕೊಡಬೇಕು. ಇದನ್ನೇ ನಾನು ಬೆಳಿಗ್ಗೆಯಿಂದ ಹೇಳ್ತಿರೋದು.

ಚಲನರೇಖೆ: ಬೆಳಿಗ್ಗೆಯಿಂದ ಹೇಳ್ತಿದ್ದದ್ದು ಬ್ಯಾಟರಿ. ಈಗ ಚಿಪ್ ಜಾಗಕ್ಕೆ ಬಂದ್ರಿ.