ಚಳಿಗೆ ಕರೆದು ಅವರೆಗೆ ಕೂರಿಸಿದ್ದು

ಮಾಗಿಯ ಚಳಿಯನ್ನು ಸವಿಯಲು ಬನ್ನಿರೆಂದು ತುಮಕೂರು ಸೀಮೆಯ ನಮ್ಮ ಎರಡು ಎಕರೆಯ ತೋಟದ ಮನೆಗೆ ಮೂವರು ಗೆಳೆಯರನ್ನು ಕರೆದಿದ್ದೆ. ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಬೇಸಿನ್ನು ಜಗಲಿಯ ಎಳೆಬಿಸಿಲಿನಲ್ಲಿ ಸರಿಯಾಗಿ ಅವರ ನಡುವೆಯೇ ಬಂದು ಕುಳಿತಿದ್ದು ಆಕಸ್ಮಿಕವೆಂದು ಅವರು ನಂಬಿದ್ದರು. ನಾನೂ ಅವರ ನಂಬಿಕೆಗೆ ಭಂಗ ತರಲಿಲ್ಲ.

"ಇದನ್ನೂ ಚಳಿ ಎನ್ನುತ್ತೀರಲ್ಲ, ನಿಮಗೆ ನಾಚಿಕೆಯಾಗಬೇಕು" ಎಂದರು ದೆಹಲಿಯಲ್ಲಿ ನೌಕರಿ ಮುಗಿಸಿ ಬಂದ ರಾಯರು, ಸುಮ್ಮನಿರಲಾರದೆ ಒಂದು ಕಾಳನ್ನು ಹಿತುಕುತ್ತ. ಇಷ್ಟು ಹೇಳಿದವರು ಮಫ್ಲರನ್ನು ಮಾತ್ರ ಬಿಚ್ಚಲಿಲ್ಲ.

"ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು" ಎಂದು ಮೇಷ್ಟ್ರು ನಾಡಿನ ಮಾನ ಕಾಪಾಡಲು ನೋಡಿದರು.

"ಆ ದಿನದ ಹಾಜರಿಯನ್ನೂ ತಾವೇ ಕೂಗಿದಿರೇನು ಮೇಷ್ಟ್ರೇ?" ಎಂದರು ಪಕ್ಕದ ಹೊಲದ ಗೌಡರು. ಮೇಷ್ಟ್ರು ಉತ್ತರ ಹುಡುಕುವ ಭರದಲ್ಲಿ ಕಾಳನ್ನು ಬಲವಾಗಿ ಹಿತುಕಿದ್ದರಿಂದ ಒಳಗಿನ ಬೇಳೆ ಚಿಮ್ಮಿ ಅವರ ಕನ್ನಡಕಕ್ಕೇ ಬಡಿಯಿತು.

ಗೌಡರಿಗೆ ಚಳಿಯ ಲೆಕ್ಕ ಬೇರೆ. ರಾಗಿಯನ್ನು ಕೊಯ್ದು ಮೆದೆ ಒಟ್ಟಿದ ಮೇಲೆ ಪೈರಿನ ನಡುನಡುವೆ ಬಿತ್ತಿದ್ದ ಅಕ್ಕಡಿ ಸಾಲಿನ ಅವರೆಯೊಂದೇ ಹೊಲದಲ್ಲಿ ಉಳಿದು, ಮಣ್ಣಿನ ತೇವವನ್ನೂ ರಾತ್ರಿಯ ಇಬ್ಬನಿಯನ್ನೂ ನಂಬಿ ಕಾಯಿ ಕಟ್ಟುತ್ತದೆಯೆಂದೂ, ಹಗಲು ಕುಗ್ಗದೆ ನಾಟಿ ಅವರೆ ಹೂ ಬಿಡುವುದೇ ಇಲ್ಲವೆಂದೂ ಅವರು ವಿವರಿಸಿದರು.

"ಕೃಷಿ ವಿಶ್ವವಿದ್ಯಾಲಯದವರು ವರ್ಷವಿಡೀ ಬೆಳೆಯಬಹುದಾದ ಹೆಬ್ಬಾಳ ಅವರೆಯನ್ನು ಕೊಟ್ಟಿದ್ದಾರಲ್ಲ?" ಎಂದರು ಮೇಷ್ಟ್ರು, ಕನ್ನಡಕ ಒರೆಸಿಕೊಳ್ಳುತ್ತ.

"ಕೊಟ್ಟಿದ್ದಾರೆ. ಬೇಸಿಗೆಯ ಕಾಯಿಗೆ ಸೊಗಡನ್ನು ಯಾರು ಬಳಿಯುತ್ತಾರೆ? ತಾವೇ?"

ಮಾತು ರಾಯರು ಎದ್ದ ಹೊತ್ತಿನ ಕಡೆಗೆ ಹೊರಳಿತು. ಡಿಸೆಂಬರ್ ಕಳೆದು ಹಗಲು ಬೆಳೆಯುತ್ತಿರುವಾಗ ಎಂಟು ಗಂಟೆಯವರೆಗೆ ಕಂಬಳಿಯೊಳಗಿದ್ದುದು ಏಕೆಂದು ಗೌಡರು ವಿಚಾರಣೆಗೆ ತೊಡಗಿದಾಗ ಮೇಷ್ಟ್ರೇ ವಕಾಲತ್ತು ವಹಿಸಿದರು: ನಮ್ಮ ಕಡೆ ಹಗಲು ಮೊದಲು ಬೆಳೆಯುವುದು ಸಂಜೆಯ ತುದಿಯಲ್ಲಿ, ಬೆಳಗಿನ ಸೂರ್ಯ ಮಾತ್ರ ಸಂಕ್ರಾಂತಿ ಕಳೆದ ಮೇಲೂ ಕೆಲವು ದಿನ ಇನ್ನಷ್ಟು ತಡವಾಗಿಯೇ ಹುಟ್ಟುತ್ತಾನೆ.

"ಕೇಳಿದಿರಾ? ನಾನು ಮಲಗಿದ್ದಲ್ಲ, ಸೂರ್ಯನ ಜೊತೆ ಹೊಂದಿಕೊಂಡಿದ್ದು" ಎಂದು ರಾಯರು ಹಿಗ್ಗಿದರು. ಸೂರ್ಯ ಎಂಟು ಗಂಟೆಯವರೆಗೆ ತಡ ಮಾಡುವುದಿಲ್ಲವೆಂದು ಮೇಷ್ಟ್ರು ಹೇಳಿದ್ದು ಅವರ ಮಫ್ಲರಿನೊಳಗೆ ಇಳಿಯಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ನನ್ನಾಕೆ, "ಸಾರಿಗೆ ಇಷ್ಟು ಬೇಳೆ ಸಾಕು, ಉಪ್ಪಿಟ್ಟಿಗೂ ಸ್ವಲ್ಪ ಆಗಲಿ" ಎಂದು ಕೂಗಿದಳು. ಗೌಡರ ಕೈ ನಿಂತಿತು. ಬೇಸಿನ್ನನ್ನು ನೋಡಿದರು, ನನ್ನನ್ನು ನೋಡಿದರು, ಖಾಲಿಯಾಗಿದ್ದ ನನ್ನ ಎರಡೂ ಕೈಗಳನ್ನು ನೋಡಿದರು.

"ರಾಯರೇ, ಈ ಮಹಾನುಭಾವ ನಮ್ಮನ್ನು ಕರೆದದ್ದು ಚಳಿಗಲ್ಲ."

"ಅದು ನನಗೆ ಆಗಲೇ ತಿಳಿಯಿತು" ಎಂದರು ರಾಯರು. "ಬಿಸಿಲು ಇಲ್ಲಿಂದ ಸರಿಯಲಿ, ಎದ್ದುಬಿಡೋಣ."

ಹತ್ತು ನಿಮಿಷದಲ್ಲಿ ಬಿಸಿಲು ಜಗಲಿಯ ಇನ್ನೊಂದು ತುದಿಗೆ ಸರಿಯಿತು. ಮೂವರೂ ಎದ್ದರು, ಬೇಸಿನ್ನನ್ನು ಎಳೆದುಕೊಂಡು ಅಲ್ಲಿಗೇ ಹೋಗಿ ಕುಳಿತರು.