ಸ್ಟ್ರೆಚ್ ಮಾಡಿದ್ರೆ ಮಸುಕು ಧೂಳೆಲ್ಲ ಕಪ್ಪಲ್ಲಿ ಮುಳುಗಿಹೋಗ್ತಿದೆ, ಹೇಗೆ ಉಳಿಸ್ಕೊಳ್ಳೋದು?

ಮೃಗಶಿರ: ಎಲ್ರಿಗೂ ನಮಸ್ಕಾರ. ಆಕಾಶದಲ್ಲಿ ಕುದುರೆ ತಲೆ ಥರ ಕಾಣೋ ಹಾರ್ಸ್‌ಹೆಡ್ ನೆಬ್ಯುಲಾ ಫೋಟೋ ತೆಗ್ದಿದೀನಿ, ಸಿರಿಲ್ ಅನ್ನೋ ಆಸ್ಟ್ರೋಫೋಟೋ ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಕ್ ಮಾಡಿ (ಹಲವು ಫೋಟೋ ಒಂದಾಗಿ ಸೇರ್ಸಿ) ಆಟೋಸ್ಟ್ರೆಚ್ ವ್ಯೂನಲ್ಲಿ, ಅಂದ್ರೆ ಫೈಲ್ ಬದಲಾಯಿಸ್ದೆ ಬರೀ ತೋರ್ಸೋಕೆ ಬೆಳಗಿಸೋ ನೋಟದಲ್ಲಿ, ನೋಡಿದ್ರೆ ಕುದುರೆ ತಲೆ ಕೆಳಗಿನ ಧೂಳು ಚೆನ್ನಾಗೇ ಕಾಣತ್ತೆ, ಆದ್ರೆ ಹಿಸ್ಟೋಗ್ರಾಮ್ ಸ್ಟ್ರೆಚ್ ಮಾಡಿ (ಮಸುಕು ಭಾಗ ಕಾಣೋ ಹಾಗೆ ಬೆಳಗಿಸಿ) ಆಕಾಶ ಕಪ್ಪಗಿರ್ಲಿ ಅಂತ ಬ್ಲ್ಯಾಕ್ ಪಾಯಿಂಟ್, ಅಂದ್ರೆ ಯಾವುದಕ್ಕಿಂತ ಕಮ್ಮಿ ಇರೋದೆಲ್ಲ ಪೂರ್ತಿ ಕಪ್ಪಾಗತ್ತೋ ಆ ಗಡಿನ, ಸ್ವಲ್ಪ ಬಲಕ್ಕೆ ಎಳೆದ ತಕ್ಷಣ ಎಲ್ಲ ಮಾಯ. ಎಳೀದಿದ್ರೆ ಇಡೀ ಫೋಟೋ ಬೂದು ಬೂದು, ಒಂದು ಮೂಲೆ ಮಾತ್ರ ಬೆಳ್ಳಗೆ. ಏನ್ ಮಾಡ್ಲಿ?

ಕಗ್ಗತ್ತಲು: ಆ ಬೆಳ್ಳಗಿರೋ ಮೂಲೆಯಿಂದ್ಲೇ ಶುರು ಮಾಡಿ. ಗ್ರೇಡಿಯೆಂಟ್ (ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗೋ ಹಿನ್ನೆಲೆ ಬೆಳಕು) ಹಾಗೇ ಬಿಟ್ಟು ಬ್ಲ್ಯಾಕ್ ಪಾಯಿಂಟ್ ಎಳೆದ್ರೆ ಆ ಮೂಲೆ ಕಪ್ಪಾಗೋ ಹೊತ್ತಿಗೆ ಎದುರು ಮೂಲೆ ಪಿಕ್ಸೆಲ್ಲೆಲ್ಲ ಸೊನ್ನೆಗೆ ಬಂದಿರ್ತವೆ, ಸೊನ್ನೆ ಆದ್ಮೇಲೆ ಕರ್ವ್ಸ್‌ನಲ್ಲಿ ಎಷ್ಟು ಬೆಳಗಿಸಿದ್ರೂ ವಾಪಸ್ ಬರಲ್ಲ. ಅದಕ್ಕೇ ಫೈಲ್ ಲೀನಿಯರ್ ಇರೋವಾಗ್ಲೇ, ಅಂದ್ರೆ ಸ್ಟ್ರೆಚ್ ಮಾಡೋ ಮುಂಚೆನೇ, ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ (ಆ ಹಿನ್ನೆಲೆ ಬೆಳಕನ್ನ ಅಂದಾಜು ಮಾಡಿ ಕಳೆಯೋದು) ಮುಗಿಸ್ಬೇಕು. ಹಾರ್ಸ್‌ಹೆಡ್ ಸುತ್ತ ಖಾಲಿ ಆಕಾಶನೇ ಕಮ್ಮಿ, ಹಿಂದಿರೋ ಐಸಿ 434 ನೆಬ್ಯುಲಾದ ಕೆಂಪು ಹೈಡ್ರೋಜನ್ ತುಂಬಾ ದೂರ ಹರಡಿದೆ, ಹಿನ್ನೆಲೆ ಅಳೆಯೋ ಸ್ಯಾಂಪಲ್ ಪಾಯಿಂಟ್ ಅದ್ರ ಮೇಲೆ ಬಿದ್ರೆ ಸಾಫ್ಟ್‌ವೇರ್ ನೆಬ್ಯುಲಾನೇ ಲೈಟ್ ಪೊಲ್ಯೂಷನ್ ಅಂದ್ಕೊಂಡು ಕಳೆದುಬಿಡತ್ತೆ. ಪಾಲಿನಾಮಿಯಲ್ ಡಿಗ್ರಿ 1 (ಹಿನ್ನೆಲೆಯನ್ನ ನೇರ ಇಳಿಜಾರು ಅಂತ ಲೆಕ್ಕ ಹಾಕೋ ಸೆಟ್ಟಿಂಗ್) ಸಾಕು, ಅನುಮಾನ ಇರೋ ಪಾಯಿಂಟ್ ಅಳಿಸಿಬಿಡಿ.

ದೂರದೀಪ: ಮೇಲಿನವ್ರು ಹೇಳಿದ್ದು ಸರಿ. ಇನ್ನೊಂದು, ಆಕಾಶ ಪೂರ್ತಿ ಕಪ್ಪಾಗ್ಲೇಬೇಕು ಅನ್ನೋ ಆಸೆ ಬಿಡಿ, ಆ ಕುದುರೆ ತಲೆ ಅಂದ್ರೆ ಬರ್ನಾರ್ಡ್ 33, ಅದು ಖಾಲಿ ತೂತಲ್ಲ, ಹಿಂದಿನ ಬೆಳಕಿಗೆ ಅಡ್ಡ ನಿಂತಿರೋ ಧೂಳಿನ ಮೋಡ, ಅದ್ರೊಳಗೂ ನವಿರಾದ ಶೇಡ್‌ಗಳಿವೆ. 0ಯಿಂದ 255ರ ಸ್ಕೇಲಲ್ಲಿ ಬ್ಯಾಕ್‌ಗ್ರೌಂಡ್ 25ರ ಆಸುಪಾಸು ಇಟ್ರೆ ನೋಡೋಕೆ ಕಪ್ಪಗೇ ಇರತ್ತೆ, ಧೂಳೂ ಉಳ್ಕೊಳ್ಳತ್ತೆ. ಒಂದೇ ಏಟಿಗೆ ಎಳೀಬೇಡಿ. ಜನರಲೈಸ್ಡ್ ಹೈಪರ್‌ಬೋಲಿಕ್ ಸ್ಟ್ರೆಚ್ ತೆಗೆದು, ಮಸುಕು ಧೂಳಿನ ಮೇಲೆ ಚಿಕ್ಕ ಸೆಲೆಕ್ಷನ್ ಹಾಕಿ ಸಿಮೆಟ್ರಿ ಪಾಯಿಂಟ್ (ಸ್ಟ್ರೆಚ್ ಯಾವ ಬೆಳಕಿನ ಮಟ್ಟದ ಮೇಲೆ ಗುರಿ ಇಡತ್ತೋ ಅದು) ಅಲ್ಲಿಂದ್ಲೇ ತಗೊಳ್ಳಿ, ಕಾಂಟ್ರಾಸ್ಟ್ ಜಾಸ್ತಿ ಬೀಳೋದು ಅಲ್ಲೇ. ಎಷ್ಟು ಪಿಕ್ಸೆಲ್ ಕ್ಲಿಪ್ ಆಗ್ತಿದೆ (ಪೂರ್ತಿ ಕಪ್ಪಾಗಿ ವಿವರ ಕಳ್ಕೋತಿದೆ) ಅಂತ ಪರ್ಸೆಂಟೇಜ್ ಅಲ್ಲೇ ತೋರ್ಸತ್ತೆ, ಅದನ್ನ ನೋಡ್ಕೊಂಡೇ ಮುಂದೆ ಹೋಗಿ. ಕೊನೇವರೆಗೂ 32 ಬಿಟ್ ಫಿಟ್ಸ್ ಅನ್ನೋ ಖಗೋಳ ಫೋಟೋ ಫೈಲ್ ಫಾರ್ಮ್ಯಾಟ್‌ನಲ್ಲೇ ಇರಿ, ಜೆಪೆಗ್‌ನಲ್ಲಿ ಒಂದು ಚಾನೆಲ್‌ಗೆ ಇರೋದೇ 256 ಮೆಟ್ಟಿಲು, ಕತ್ತಲ ಭಾಗಕ್ಕೆ ಅದ್ರಲ್ಲಿ ಸಿಗೋದು ನಾಲ್ಕು ಕಾಳು.

ಕಗ್ಗತ್ತಲು: ಡಿನಾಯ್ಸ್ (ಫೋಟೋದ ಕಾಳುಕಾಳು ನಾಯ್ಸ್ ತೆಗೆಯೋದು) ಕೂಡ ಹಗುರವಾಗೇ ಇರ್ಲಿ. ಜೋರಾಗಿ ಹಾಕಿದ್ರೆ ನಾಯ್ಸ್ ಜೊತೆ ಧೂಳಿನ ಎಳೆಗಳೂ ಒರೆಸಿಹೋಗತ್ತೆ, ಅದಕ್ಕಿಂತ ಸ್ವಲ್ಪ ಗ್ರೇನ್ ಇರೋದೇ ನಂಗಿಷ್ಟ.

ಮೃಗಶಿರ: ಡಿಗ್ರಿ 1 ಹಾಕಿದ್ಮೇಲೆ ಮೂಲೆ ಸರಿಹೋಯ್ತು, ಧೂಳೂ ಕಾಣ್ತಿದೆ, ತುಂಬಾ ಥ್ಯಾಂಕ್ಸ್! ಆದ್ರೆ ಧೂಳಿನ ಜೊತೆ ನಕ್ಷತ್ರಗಳೂ ಊದ್ಕೋತಿವೆ, ಪಕ್ಕದ ಪ್ರಕಾಶಮಾನ ನಕ್ಷತ್ರ ಆಲ್ನಿಟಾಕ್ ಅಂತೂ ಕೇಳ್ಬೇಡಿ.

ದೂರದೀಪ: ಫೋಟೋಯಿಂದ ನಕ್ಷತ್ರ ತೆಗೆಯೋ ಸ್ಟಾರ್‌ನೆಟ್ ಸಾಫ್ಟ್‌ವೇರ್‌ನಲ್ಲಿ ನಕ್ಷತ್ರ ಬೇರೆ ಮಾಡಿ, ಧೂಳಿನ ಲೇಯರ್ ಮಾತ್ರ ಸ್ಟ್ರೆಚ್ ಮಾಡಿ, ನಕ್ಷತ್ರಗಳನ್ನ ಕಮ್ಮಿ ಸ್ಟ್ರೆಚ್ ಮಾಡಿ ಆಮೇಲೆ ಸೇರ್ಸಿ.